ಎಲೆಕ್ಷನ್ ಮುಗಿಯುವ ತನಕ

ಮಂಚದ ಅಡಿಯಲ್ಲಿ ನೋಡಿದ್ದಾಯಿತು, ಅಟ್ಟದ ಮೇಲೆ ಕೋಲು ಹಾಕಿ ತಡಕಿದ್ದಾಯಿತು. ಈಗ ಮುನಿತಾಯಮ್ಮ ಬೀರುವಿನ ಹಿಂದೆ ಕೈ ತೂರಿಸಿ ಗೋಡೆ ಸವರುತ್ತಿದ್ದಳು. ಎಂಬತ್ತರ ಹತ್ತಿರದ ಹೆಂಗಸು. ತಮ್ಮನ ಹೆಣವನ್ನು ಜಗಲಿಯ ಮೇಲೆ ಬಿಟ್ಟು, ಅವನ ಬಂದೂಕಿಗಾಗಿ ಮನೆ ಜಾಲಾಡುತ್ತಿದ್ದಳು.

"ಎಲ್ಲಿಕ್ಕಿದ್ದೀಯ ಅಮ್ಮಣ್ಣಿ, ಅಪ್ಪನ ಬಂದೂಕ?"

ದಿವ್ಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅಪ್ಪನಿಗೆ ಉಡಿಸಬೇಕಾದ ಹೊಸ ಪಂಚೆ.

"ಠಾಣೇಲಿದೆ ಅತ್ತೆ. ಎಲೆಕ್ಷನ್ ಟೈಮಲ್ಲಿ ಒಪ್ಪಿಸಿದ್ದು."

"ಯಾವ ಎಲೆಕ್ಷನ್ನು? ಓಟು ಹಾಕಿ ಎರಡು ಸಂಕ್ರಾಂತಿ ಕಳೀತಲ್ಲೇ."

"ಜಿಲ್ಲಾ ಪಂಚಾಯ್ತಿದು ಬಾಕಿ ಇದೆಯಂತೆ. ಅದು ಮುಗಿಯೋ ತನಕ ಕೊಡಲ್ವಂತೆ."

ಮಾತು ಎಲ್ಲೂ ತಡವರಿಸದೆ ಹೊರಬಂತು. ಇದೇ ಮಾತನ್ನು ಅಪ್ಪನಿಗೆ ಎಷ್ಟು ಸಲ ಹೇಳಿದ್ದಳೆಂದರೆ ಅದರ ಅಂಚುಗಳೆಲ್ಲ ಸವೆದು ನುಣುಪಾಗಿದ್ದವು. ಅಪ್ಪ ಗೋಡೆಯ ಆಚೆ ಮಲಗಿದ್ದ. ಇನ್ನು ಅವನಿಗೆ ಸುಳ್ಳು ಹೇಳುವ ಅಗತ್ಯವಿರಲಿಲ್ಲ. ಆದರೂ ಹೇಳಿದ್ದಳು.

ಮುನಿತಾಯಮ್ಮ ಒಪ್ಪಲಿಲ್ಲ. ತಮ್ಮ ಅಪ್ಪ ತೀರಿಕೊಂಡಾಗ ಮಿಲಿಟರಿಯವನೆಂದು ಬಂದೂಕನ್ನು ಪಕ್ಕದಲ್ಲಿ ಮಲಗಿಸಿ, ಕುಂಕುಮ ಇಟ್ಟು, ಆಮೇಲೆ ಹೆಣ ಎತ್ತಿದ್ದರು. ಆ ಬಂದೂಕಿಗೆ ಹೊಸ ಜೀವ ಕೊಟ್ಟವನು ಈ ತಮ್ಮ, ಅಪ್ಪಯ್ಯಣ್ಣ. ಅವನನ್ನು ಬರಿಗೈಯಲ್ಲಿ ಕಳಿಸುವುದು ಎಂಥ ನ್ಯಾಯ ಎಂದು ಅವಳ ವಾದ. ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ಮುನಿರಾಜ್, ದಿವ್ಯಳ ಚಿಕ್ಕಪ್ಪನ ಮಗ, ಮಚ್ಚು ಕೆಳಗಿಟ್ಟು ಒಳಗೆ ಬಂದ. ಗಂಡುಮಕ್ಕಳಿಲ್ಲದ ದೊಡ್ಡಪ್ಪನಿಗೆ ಇವತ್ತು ಮಗನ ಕೆಲಸ ಮಾಡುವವನು ಅವನೇ.

"ಒಂದು ಗಂಟೆಗೆ ಬಿಡಿ ಅಂದ್ರೆ ಬಿಡಲ್ವೇನಮ್ಮ? ಜೊತೇಲಿ ಪೊಲೀಸ್ನೋರೇ ಬರ್ಲಿ. ನಾನು ಹೋಗಿ ಕೇಳ್ಕೊಂಡು ಬರ್ತೀನಿ."

"ಬೇಡ ಅಣ್ಣ," ಎಂದಳು ದಿವ್ಯ.

ಮುನಿರಾಜ್ ಠಾಣೆಗೆ ಹೋದರೆ, ರಿಜಿಸ್ಟರ್ ತೆಗೆದು ಅವರು ಹೇಳುವ ಮೊದಲ ಮಾತಿಗೇ ಎಲ್ಲ ಬಯಲಾಗುತ್ತಿತ್ತು.

*

ಅಪ್ಪಯ್ಯಣ್ಣ ದೊಡ್ಡಬಳ್ಳಾಪುರದ ಬಟ್ಟೆ ಮಿಲ್ಲೊಂದರಲ್ಲಿ ಮೂವತ್ತೆರಡು ವರ್ಷ ಫಿಟ್ಟರ್ ಆಗಿದ್ದವನು. ಬೆಳಿಗ್ಗೆ ತೂಬಗೆರೆಯ ಬಸ್ಸು, ಸಂಜೆ ತೂಬಗೆರೆಯ ಬಸ್ಸು. ಅವನ ತಂದೆ ಸೇನೆ ಬಿಟ್ಟ ಕಾಲದಲ್ಲಿ ಮಿಲಿಟರಿ ಹರಾಜಿನಲ್ಲಿ ಕೊಂಡಿದ್ದ, ಯುದ್ಧಕಾಲದ ರೈಫಲ್ಲೊಂದು ಮನೆಯಲ್ಲಿತ್ತು. ಬೆಟ್ಟದ ಹಂದಿಗಳಿಂದ ಬೆಳೆ ಕಾಯಲೆಂದು ಅದಕ್ಕೆ ಲೈಸೆನ್ಸ್. ದಿವ್ಯ ಬುದ್ಧಿ ಬಂದು ನೋಡುವ ಹೊತ್ತಿಗೆ ಮರದ ಹಿಡಿಯನ್ನು ಗೆದ್ದಲು ತಿಂದಿತ್ತು, ನಳಿಗೆ ಸವೆದು ಹೋಗಿತ್ತು. ಗಟ್ಟಿಯಾಗಿ ಉಳಿದದ್ದು ನಡುವಿನ ಉಕ್ಕಿನ ಒಡಲು ಮಾತ್ರ: ಬೋಲ್ಟು ಹಿಂದೆ ಮುಂದೆ ಸರಿದು ತೋಟಾವನ್ನು ಕೂರಿಸಿ ಬೀಗ ಹಾಕುವ ಭಾಗ. ಅಪ್ಪ ಅದನ್ನು 'ಆಕ್ಷನ್' ಎನ್ನುತ್ತಿದ್ದ. ಎಣ್ಣೆ ಹಾಕಿ ಬೋಲ್ಟು ಎಳೆದು, ಆ ಸದ್ದನ್ನು ಕಿವಿಗೊಟ್ಟು ಕೇಳಿ, ಇದೊಂದಿದ್ದರೆ ಸಾಕು, ಮಿಕ್ಕಿದ್ದು ಮಾಡಿಕೊಳ್ಳಬಹುದು ಎನ್ನುತ್ತಿದ್ದ.

ನಿವೃತ್ತನಾದ ಮೇಲೆ ಅದನ್ನು ಬೇಟೆ ರೈಫಲ್ ಮಾಡಲು ಕೂತ. ಬೇಟೆ ಯಾವ ಕಾಲಕ್ಕೋ ನಿಂತಿತ್ತು. ಹಂದಿ ಓಡಿಸಲು ಸದ್ದೊಂದು ಸಾಕಿತ್ತು. "ದೊಡ್ಡಪ್ಪ, ಹಂದಿಗೆ ಪಟಾಕಿ ಸಾಲ್ದಾ? ಮದುವೆ ಹೆಣ್ಣಿಗೆ ಮಾಡ್ದಂಗೆ ಮಾಡ್ತಿದ್ದೀಯಲ್ಲ ಸಿಂಗಾರ," ಎಂದು ಮುನಿರಾಜ್ ರೇಗಿಸಿದಾಗ ಅಪ್ಪ ತಲೆಯೆತ್ತದೆ ಹೇಳಿದ್ದ: "ಕೆಟ್ಟೋಗಿದ್ದನ್ನ ಕೈಲಿ ಆಗೋನು ಹಂಗೇ ಬಿಟ್ಟು ಸಾಯಕ್ಕಾಗುತ್ತೇನಲಾ?"

ನಳಿಗೆಯನ್ನು ಕಾಗದಪತ್ರ ಹಿಡಿದುಕೊಂಡು ಹೋಗಿ ಬೆಂಗಳೂರಿನ ಲೈಸೆನ್ಸ್ ಇದ್ದ ಅಂಗಡಿಯಲ್ಲೇ ಹಾಕಿಸಿದ. ಮರದ ಕೆಲಸ ಮಾತ್ರ ತನ್ನದೇ. ಹೊಲದ ಬದುವಿನಲ್ಲಿ ಹಳೆಯದೊಂದು ಹಿಪ್ಪುನೇರಳೆ ಮರವಿತ್ತು. ರೇಷ್ಮೆಹುಳು ಸಾಕುತ್ತಿದ್ದ ಕಾಲದಲ್ಲಿ ದಿವ್ಯಳ ಅಮ್ಮ ದಿನವೂ ಸೊಪ್ಪು ಬಿಡಿಸುತ್ತಿದ್ದ ಮರ. ಅಮ್ಮ ಹೋದ ಮರುವರ್ಷ ಗಾಳಿಗೆ ಬಿತ್ತು. ಅಪ್ಪ ಅದರ ಬೊಡ್ಡೆಯಿಂದ ಒಂದು ದಪ್ಪ ಹಲಗೆ ಕೊಯ್ಯಿಸಿ ಕೊಟ್ಟಿಗೆಯ ಅಟ್ಟದ ಮೇಲೆ ಒಣಗಲು ಇಟ್ಟ. ಎಷ್ಟು ದಿನ ಒಣಗಬೇಕು ಎಂದು ಕೇಳಿದ. ದಿವ್ಯ ಪಿ.ಯು. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ತಿಂಗಳಿಗೊಮ್ಮೆ ತೂಗಿ ಬರೆದಿಡಪ್ಪ, ತೂಕ ಇಳಿಯುವುದು ನಿಂತ ದಿನ ನೀರು ಹೋಗಿದೆ ಎಂದು ಅರ್ಥ, ಎಂದಳು. ಅವನು ಐದು ವರ್ಷ ತೂಗಿದ. ಹಲಗೆಯ ಮೈಮೇಲೆಯೇ ಪೆನ್ಸಿಲ್ಲಿನಲ್ಲಿ ಅಂಕಿಗಳ ಸಾಲು.

ಆಮೇಲೆ ಕೆತ್ತನೆ. ಉಕ್ಕಿನ ಒಡಲು ಮರದೊಳಗೆ ಕೂದಲು ತೂರದಂತೆ ಕೂರಬೇಕು. ಸಂಜೆ ಕಾಲೇಜಿನಿಂದ ಬಂದ ದಿವ್ಯ ಹರಳೆಣ್ಣೆ ದೀಪದ ಮೇಲೆ ತಟ್ಟೆ ಹಿಡಿದು ಮಸಿ ಕಟ್ಟಿಸಿ ಕೊಡುತ್ತಿದ್ದಳು. ಆ ಮಸಿಯನ್ನು ಅಪ್ಪ ಉಕ್ಕಿಗೆ ಸವರಿ, ಮರದ ಗುಳಿಯೊಳಗೆ ಒತ್ತಿ, ಎತ್ತಿ ನೋಡುತ್ತಿದ್ದ. ಎಲ್ಲಿ ಕಪ್ಪು ಅಂಟಿದೆಯೋ ಅಲ್ಲಿ ಮರ ತಡೆಯುತ್ತಿದೆ. ಅಷ್ಟನ್ನು ಮಾತ್ರ ಕೆರೆಯುವುದು. ಮತ್ತೆ ಮಸಿ, ಮತ್ತೆ ಒತ್ತು. "ಜಾಸ್ತಿ ಕೆರೆದ್ರೆ ವಾಪಸ್ ಸೇರ್ಸಕ್ಕಾಗಲ್ಲಮ್ಮ." ಒಂದು ದೀಪಾವಳಿಗೆ ಶುರುವಾದ ಕೆತ್ತನೆ ಮುಂದಿನ ದೀಪಾವಳಿಗೆ ಮುಗಿಯಿತು. ಬಳಿಕ ಅಗಸೆ ಎಣ್ಣೆ, ಅಂಗೈಯಿಂದ, ಮರ ಕುಡಿಯುವಷ್ಟೂ.

ಮಾರ್ಚಿನಲ್ಲಿ ಕೆಲಸ ಪೂರ್ತಿಯಾಯಿತು. ಮರುವಾರವೇ ಲೋಕಸಭೆ ಚುನಾವಣೆಯ ಆದೇಶ ಬಂತು. ಪ್ರತಿ ಚುನಾವಣೆಗೂ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಳ್ಳಬೇಕು. ಒಂದು ಗುಂಡನ್ನೂ ಹಾರಿಸದೆ ಅಪ್ಪ ರೈಫಲನ್ನು ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಮುನಿರಾಜನ ಬೈಕಿನಲ್ಲಿ ಹೋಗಿ ಕೊಟ್ಟು ಬಂದ.

ಆ ಏಪ್ರಿಲ್ಲಿನಲ್ಲೇ ಲೈಸೆನ್ಸಿನ ನವೀಕರಣವಿತ್ತು. ಪುಸ್ತಕವನ್ನು ಮಗಳ ಕೈಗೆ ಕೊಟ್ಟು, ಆನ್‌ಲೈನಲ್ಲಿ ನೀನೇ ಹಾಕಿಬಿಡು ಎಂದಿದ್ದ. ಹುಡುಗರ ಲ್ಯಾಬ್ ರೆಕಾರ್ಡನ್ನು ಒಂದು ದಿನವೂ ತಡ ಮಾಡದ ದಿವ್ಯ, ಮೌಲ್ಯಮಾಪನದ ಓಡಾಟದಲ್ಲಿ ಅದನ್ನು ಪೂರ್ತಿಯಾಗಿ ಮರೆತಳು. ಜೂನಿನಲ್ಲಿ ಬಿಡಿಸಿಕೊಳ್ಳಲು ಠಾಣೆಗೆ ಹೋದಾಗಲೇ ಗೊತ್ತಾಗಿದ್ದು. ಲೈಸೆನ್ಸಿನ ಅವಧಿ ಮುಗಿದಿದೆ, ತಡವಾದ ಕಾರಣ ಬರೆದು ಲೈಸೆನ್ಸ್‌ದಾರರ ಸಹಿ ಹಾಕಿಸಿ ಅರ್ಜಿ ಕೊಡಿ, ಎರಡು ತಿಂಗಳಲ್ಲಿ ಆಗುತ್ತೆ ಎಂದರು. ಅವಳು ಅವತ್ತೇ ಪತ್ರ ಟೈಪ್ ಮಾಡಿ ಬ್ಯಾಗಿಗೆ ಹಾಕಿಕೊಂಡಳು. ಮನೆಗೆ ಬಂದರೆ ಅಪ್ಪ ಗೇಟಿನಲ್ಲೇ ನಿಂತಿದ್ದ. ಒಗೆದ ಅಂಗಿ ಹಾಕಿಕೊಂಡಿದ್ದ.

"ಕೊಟ್ರಾ?"

ಆ ಮುಖ ನೋಡಿ, ನಾಳೆ ಹೇಳಿದರಾಯಿತು ಎಂದುಕೊಂಡು, ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಬಾಕಿ ಇದೆಯಂತೆ ಎಂದುಬಿಟ್ಟಳು. ಆ ಎಲೆಕ್ಷನ್ನು ಬರಲೇ ಇಲ್ಲ. ನಾಳೆಯೂ ಬರಲಿಲ್ಲ. ಆಯುಧಪೂಜೆಯ ತನಕ ಕೇಳುತ್ತಿದ್ದವನು ಆಮೇಲೆ ಕೇಳುವುದನ್ನೇ ಬಿಟ್ಟ. ವಯಸ್ಸಾಯಿತು, ಮರೆತಿರಬೇಕು ಎಂದುಕೊಂಡಳು. ಒಳಗೊಳಗೇ ನಿರಾಳವೂ ಆಗಿತ್ತು.

*

ಮುನಿರಾಜ್ ಬೈಕಿನ ಕೀಲಿ ಹುಡುಕುತ್ತಿರುವಾಗಲೇ ಅಂಗಳದಲ್ಲಿ ಬೇರೊಂದು ಬೈಕು ಬಂದು ನಿಂತಿತು. ಹೆಲ್ಮೆಟ್ ತೆಗೆದವನನ್ನು ದಿವ್ಯ ಗುರುತು ಹಿಡಿದಳು. ಠಾಣೆಯ ಹೆಡ್ ಕಾನ್‌ಸ್ಟೇಬಲ್ ವೇಣುಗೋಪಾಲ್. ಜೂನಿನಲ್ಲಿ ರಿಜಿಸ್ಟರ್ ತೋರಿಸಿ, ಲೈಸೆನ್ಸ್ ಮುಗಿದಿದೆ ಮೇಡಂ ಎಂದವನು ಇವನೇ. ಸಾದಾ ಬಟ್ಟೆಯಲ್ಲಿದ್ದ. ಪ್ಲಾಸ್ಟಿಕ್ ಕವರಿನಿಂದ ಸೇವಂತಿಗೆ ಹಾರ ತೆಗೆದು ಅಪ್ಪನ ಎದೆಯ ಮೇಲಿಟ್ಟು, ಕಾಲು ಮುಟ್ಟಿ, ಅಲ್ಲೇ ಸ್ವಲ್ಪ ಹೊತ್ತು ಕೂತ.

ಪೊಲೀಸಿನವನೆಂದು ಯಾರೋ ಹೇಳಿದ್ದೇ ತಡ, ಮುನಿತಾಯಮ್ಮ ಅವನ ತೋಳು ಹಿಡಿದುಕೊಂಡಳು.

"ಅಪ್ಪಾ, ಅವನ ಬಂದೂಕ ಒಂದು ಗಳಿಗೆ ತಂದ್ಕೊಡಪ್ಪ. ಪಕ್ಕದಾಗಿಟ್ಟು ವಾಪಸ್ ಕೊಟ್ಬಿಡ್ತೀವಿ. ಯಾಕೆ ಇಟ್ಕೊಂಡಿದ್ದೀರ ಇಷ್ಟ್ ದಿನ?"

ದಿವ್ಯ ಕಂಬ ಹಿಡಿದುಕೊಂಡಳು. ಅಂಗಳದಲ್ಲಿ ನಲವತ್ತು ಜನರಿದ್ದರು. ವೇಣುಗೋಪಾಲ್ ಒಂದು ಸಲ ಅವಳ ಕಡೆ ನೋಡಿದ. ಆಮೇಲೆ ಮುದುಕಿಯ ಕಡೆ ತಿರುಗಿದ.

"ಆಗಲ್ಲ ಅಜ್ಜಿ. ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಬಾಕಿ ಇದೆ. ಅದು ಮುಗಿಯೋ ತನಕ ಯಾರ್ಗೂ ಕೊಡಂಗಿಲ್ಲ."

"ಹಾಳಾಗೋಗ್ಲಿ ನಿಮ್ಮ ಎಲೆಕ್ಷನ್ನು," ಎಂದು ಮುನಿತಾಯಮ್ಮ ಕೈಬಿಟ್ಟಳು. "ಬರಿಗೈಲೇ ಹೋಗಪ್ಪ, ನನ್ ತಮ್ಮ."

ಆ ಸುಳ್ಳನ್ನು ದಿವ್ಯ ಇವತ್ತು ಬೆಳಗಿನ ತನಕ ಹೇಳಿದ್ದು ಜಗತ್ತಿನಲ್ಲಿ ಒಬ್ಬನೇ ಒಬ್ಬನಿಗೆ. ಅದು ಈ ಮನುಷ್ಯನ ಬಾಯಲ್ಲಿ, ಅವಳದೇ ಪದಗಳಲ್ಲಿ ಹೇಗೆ ಬಂತು? ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಹಿಂದೆಯೇ ಹೋದಳು.

"ಹಾಗೆ ಹೇಳಿ ಅಂತ ನಿಮಗ್ಯಾರು ಹೇಳಿದ್ದು?"

ಅವನು ಚೊಂಬು ಕೆಳಗಿಟ್ಟ. "ನಿಮ್ಮ ತಂದೆಯೋರೇ ಮೇಡಂ. ಊರಲ್ಲಿ ಯಾರಾದ್ರೂ ಕೇಳಿದ್ರೆ ನನ್ ಮಗಳು ಹೇಳ್ದಂಗೇ ಹೇಳ್ಬಿಡಿ ಅಂದಿದ್ರು."

ಆಚೆ ವರ್ಷದ ಆಯುಧಪೂಜೆಯ ದಿನ ಅಪ್ಪಯ್ಯಣ್ಣ ಒಂದು ಹೂವು, ಚೂರು ಕುಂಕುಮ ಹಿಡಿದುಕೊಂಡು ಠಾಣೆಗೆ ಬಂದಿದ್ದನಂತೆ, ಬಂದೂಕಿಗೆ ಇಟ್ಟು ಹೋಗುತ್ತೇನೆಂದು. ಮಾತಿಗೆ ಮಾತು ಬಂದು, ಎಲೆಕ್ಷನ್ ಯಾವತ್ತೋ ಮುಗಿಯಿತಲ್ಲ ಯಜಮಾನರೇ, ನಿಮ್ಮ ಲೈಸೆನ್ಸ್ ತಾನೇ ನಿಂತಿರೋದು ಎಂದು ಇವನೇ ರಿಜಿಸ್ಟರ್ ತೋರಿಸಿದ. ಅಪ್ಪ ಬಹಳ ಹೊತ್ತು ಬೆಂಚಿನ ಮೇಲೆ ಕೂತಿದ್ದ. ಆಮೇಲೆ ಒಂದು ಹಳೆ ಬಟ್ಟೆ ಕೇಳಿದ. ಅವತ್ತಿನಿಂದ ತಿಂಗಳಿಗೊಂದು ಗುರುವಾರ ತಪ್ಪದೆ ಬರುತ್ತಿದ್ದ. ಹಿಂದಿನ ರೂಮಿನಲ್ಲಿ ಕೂತು ಅರ್ಧ ಗಂಟೆ ಬಂದೂಕಿಗೆ ಎಣ್ಣೆ ಹಾಕಿ ಒರೆಸಿ, ಮತ್ತೆ ಒಪ್ಪಿಸಿ ಹೋಗುತ್ತಿದ್ದ. ಮಿಲ್ಲಿನ ಸ್ನೇಹಿತರನ್ನು ನೋಡಲು ಹೋಗುತ್ತೇನೆಂದು ಅವನು ಮನೆಯಲ್ಲಿ ಹೇಳುತ್ತಿದ್ದದ್ದು ಗುರುವಾರಗಳಂದೇ. ಠಾಣೆಯಿಂದ ದಿವ್ಯಳ ಕಾಲೇಜು ಒಂದು ಫರ್ಲಾಂಗು. ಅವಳ ಕಣ್ಣಿಗೆ ಬೀಳಬಾರದೆಂದು ಒಂದು ಸ್ಟಾಪು ಹಿಂದೆಯೇ ಇಳಿದು ನಡೆದು ಬರುತ್ತಿದ್ದನಂತೆ.

"ನಾನು ಒಂದ್ಸಲ ಕೇಳ್ದೆ ಮೇಡಂ. ಒಂದು ಅರ್ಜಿ ತಾನೇ, ಸಹಿ ಹಾಕ್ಕೊಡಿ, ನಾನೇ ಕಳಿಸ್ತೀನಿ ಅಂದೆ. ಬ್ಯಾಡ ಅಂದ್ರು. ನನ್ ಮಗಳು ಬರ್ದು ಬ್ಯಾಗಲ್ಲಿಟ್ಕೊಂಡವಳೆ, ನೋಡಿದೀನಿ. ಅವಳೇ ತಂದು ಮುಂದಿಡ್ಲಿ, ಹಾಕ್ತೀನಿ. ನಾನಾಗೇ ಕೇಳಿದ್ರೆ, ಪಾಪ, ಅವಳು ತಲೆ ಎತ್ತಿ ನನ್ ಮುಖ ನೋಡಲ್ಲ ಅಂದ್ರು."

ದಿವ್ಯ ಒಗೆಯುವ ಕಲ್ಲಿನ ಮೇಲೆ ಕೂತಳು. ಸಂಜೆ ಅವಳು ಕಾಲೇಜಿನಿಂದ ಬರುವ ಹೊತ್ತಿಗೆ ಅಪ್ಪ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದ. ಅಂಗಿಯ ಜೇಬಿನಲ್ಲಿ ಪೆನ್ನು. ಏನೂ ಬರೆಯದ ಮನುಷ್ಯನಿಗೆ ಪೆನ್ನೇಕೆ ಎಂದು ಅವಳು ಒಂದು ದಿನವೂ ಕೇಳಲಿಲ್ಲ. ಇವತ್ತು ನಸುಕಿನಲ್ಲಿ, ಆ ಅಂಗಿ ಬಿಚ್ಚುವ ಮುಂಚೆ, ಅದನ್ನು ತೆಗೆದು ಕಿಟಕಿಯಲ್ಲಿಟ್ಟವಳು ಅವಳೇ.

*

ಹೊಲದಲ್ಲಿ, ಅಮ್ಮನ ಮಗ್ಗುಲಲ್ಲಿ ಗುಂಡಿ ತೆಗೆದಿದ್ದರು. ಮುನಿರಾಜ್ ಮೊದಲು, ಆಮೇಲೆ ದಿವ್ಯ. ಹಿಡಿ ಮಣ್ಣು ಹಾಕಲು ಬಗ್ಗಿದವಳು ಹಾಗೇ ಉಳಿದಳು. ತಮಟೆ ಜೋರಾಗಿತ್ತು.

"ಡೇಟು ನಾನೇ ಮರ್ತಿದ್ದಪ್ಪ," ಎಂದಳು.

ಮುನಿರಾಜ್ ಅವಳ ಭುಜ ಹಿಡಿದು, ಏನಮ್ಮ ಎಂದು ಕೇಳಿದ. ಅವಳು ತಲೆಯಾಡಿಸಿದಳು. ಅವನು ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿದ. ಮಣ್ಣು ಬಿತ್ತು.

*

ತಲೆಗೆ ಸ್ನಾನ ಮಾಡಿ, ಕೂದಲು ಆರುವ ಮುಂಚೆಯೇ ಅವಳು ಹೊರಟಳು. ಮುನಿತಾಯಮ್ಮ ತಡೆಯಲಿಲ್ಲ, ಎಲ್ಲಿಗೆಂದೂ ಕೇಳಲಿಲ್ಲ. ಠಾಣೆಯ ಮೆಟ್ಟಿಲ ಮೇಲೆ ನಿಂತು, ಸೂತಕ, ಒಳಗೆ ಬರಬಹುದೋ ಇಲ್ಲವೋ ಎಂದಳು.

"ಠಾಣೆಗೆ ಎಂಥ ಸೂತಕ, ಬನ್ನಿ," ಎಂದ ವೇಣುಗೋಪಾಲ್. ಯೂನಿಫಾರ್ಮ್ ಹಾಕಿಕೊಂಡು ಡ್ಯೂಟಿಗೆ ಬಂದಿದ್ದ. ಕೊಡಲು ಆಗುವುದಿಲ್ಲ, ನೋಡಬಹುದು ಎಂದು ಹಿಂದಿನ ರೂಮಿನ ಬೀಗ ತೆಗೆದ.

ಗೋಡೆಗೆ ಒರಗಿಸಿ ಸಾಲಾಗಿ ಇಪ್ಪತ್ತಕ್ಕೂ ಹೆಚ್ಚು ಬಂದೂಕುಗಳಿದ್ದವು. ಸತ್ತವರವು, ವ್ಯಾಜ್ಯದವು, ಯಾರೂ ಕೇಳಿಕೊಂಡು ಬಾರದವು. ನಳಿಗೆಗಳೆಲ್ಲ ಕೆಂಪಗೆ ತುಕ್ಕು ಹಿಡಿದು, ಮುಟ್ಟಿದರೆ ಉದುರುವಂತಿದ್ದವು. ಅವುಗಳ ನಡುವೆ ಒಂದು ಮಾತ್ರ ಕಪ್ಪಗೆ ಹೊಳೆಯುತ್ತಿತ್ತು. ಹಿಪ್ಪುನೇರಳೆ ಮರ ಜೇನಿನ ಬಣ್ಣಕ್ಕೆ ತಿರುಗಿತ್ತು. ವೇಣುಗೋಪಾಲ್ ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದು ಕಿಟಕಿಯ ಬಳಿ ಮೇಜಿನ ಮೇಲಿಟ್ಟ.

"ಹೋದ ತಿಂಗಳೂ ಬಂದಿದ್ರು. ಒರ್ಸಿ ಕೊಟ್ಟು ಬಾಗಿಲ ತನಕ ಹೋದೋರು ವಾಪಸ್ ಬಂದು, ಇನ್ನೊಂದ್ಸಲ ಹಿಡ್ಕೊಂಡು ನೋಡ್ತೀನಿ ಅಂದ್ರು. ಹಿಡ್ಕೊಂಡು ನೋಡಿ, ಹಂಗೇ ಇಟ್ಟು ಹೋದ್ರು."

ಸಂಜೆಯ ಬೆಳಕು ಓರೆಯಾಗಿ ಬೀಳುತ್ತಿತ್ತು. ಬೋಲ್ಟಿನ ಪಕ್ಕದಲ್ಲಿ, ಉಕ್ಕಿನ ಒಡಲಿನ ಮೇಲೆ, ಕೆಂಪು ಕಲೆಯೊಂದು ಕಂಡಿತು. ಬೆವರಿನಲ್ಲಿ ಉಪ್ಪಿರುತ್ತದೆ, ಒರೆಸಿದ ಉಕ್ಕಿನ ಮೇಲೆ ಬರಿಗೈ ತಾಗಿದರೆ, ತಾಗಿದಷ್ಟು ಜಾಗ ತುಕ್ಕಾಗುತ್ತದೆ. ಇದನ್ನು ಅವಳು ಪ್ರತಿ ವರ್ಷ ಹುಡುಗರಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತಾಳೆ. ಬಗ್ಗಿ ನೋಡಿದಳು. ಹೆಬ್ಬೆರಳಿನ ಗುರುತು. ಗೆರೆಗಳು ಒಂದರೊಳಗೊಂದು ಸುತ್ತಿಕೊಂಡು, ಒಂದೂ ಅಳಿಸದೆ, ನಡುವಿನ ಸಣ್ಣ ಸುಳಿಯ ತನಕ ಸ್ಪಷ್ಟವಾಗಿದ್ದವು.

ವೇಣುಗೋಪಾಲ್ ಎಣ್ಣೆಯ ಬಟ್ಟೆ ಮುಂದೆ ಚಾಚಿದ. ಈಗಲೇ ಒರೆಸಿದರೆ ಹೋಗುತ್ತದೆ, ಬಿಟ್ಟರೆ ಒಳಕ್ಕೆ ತಿನ್ನುತ್ತದೆ ಎಂದ.

ದಿವ್ಯ ಬಟ್ಟೆ ತೆಗೆದುಕೊಂಡಳು. ನಾಲ್ಕು ಮಡಿಕೆ ಮಾಡಿ ಮೇಜಿನ ಆ ತುದಿಯಲ್ಲಿಟ್ಟಳು. ಆಮೇಲೆ ತನ್ನ ಹೆಬ್ಬೆರಳನ್ನು ಆ ಗುರುತಿನ ಮೇಲೆ, ಕೂದಲೆಳೆಯಷ್ಟು ಎತ್ತರದಲ್ಲಿ, ಎಲ್ಲೂ ತಾಗದಂತೆ, ಬೆಳಕು ಹೋಗುವವರೆಗೂ ಹಿಡಿದುಕೊಂಡು ನಿಂತಳು.