ಒಂಬತ್ತೂಕಾಲು

ಹತ್ತನೇ ತರಗತಿಯಲ್ಲಿ ಆ ಹುಡುಗಿಯನ್ನು ಎಲ್ಲರೂ ‘ಒಂಬತ್ತೂಕಾಲು’ ಎಂದೇ ಕರೆಯುತ್ತಿದ್ದರು. ಶಾಲೆ ಶುರುವಾಗುತ್ತಿದ್ದುದು ಒಂಬತ್ತಕ್ಕೆ, ಅವಳು ಏದುಸಿರು ಬಿಡುತ್ತ ಬರುತ್ತಿದ್ದುದು ಒಂಬತ್ತೂಕಾಲಿಗೆ. ಇಷ್ಟು ಕರಾರುವಾಕ್ಕಾಗಿ ತಡ ಮಾಡುವುದೂ ಒಂದು ಶಿಸ್ತೇ, ಆದರೆ ಅದಕ್ಕೆ ಯಾರೂ ಬಹುಮಾನ ಕೊಡುವುದಿಲ್ಲ. ಮೂರು ಸಲ ತಡವಾದರೆ ಒಂದು ಗೈರುಹಾಜರಿ. ಇನ್ನು ಎರಡು ಗೈರುಹಾಜರಿ ಬಿದ್ದರೆ ಅವಳು ಪರೀಕ್ಷೆಗೆ ಕೂರುವಂತಿರಲಿಲ್ಲ.

ಅಮ್ಮನಿಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಅಪ್ಪ ಲಾರಿ ಡ್ರೈವರ್. ವಾರಕ್ಕೆ ಐದು ದಿನ ಊರಲ್ಲಿಲ್ಲ, ಉಳಿದೆರಡು ದಿನ ನಿದ್ದೆಯಲ್ಲಿ. ಅಮ್ಮನನ್ನು ಎಬ್ಬಿಸಿ, ಒರೆಸಿ, ಬಟ್ಟೆ ಬದಲಿಸಿ, ಕಿವುಚಿದ ಅನ್ನವನ್ನು ಅರ್ಧರ್ಧ ಚಮಚ ತಿನ್ನಿಸುವುದು ಮಗಳ ಪಾಲಿಗೆ. ಒಂದು ತುತ್ತು ಇಳಿದ ಮೇಲೇ ಇನ್ನೊಂದು. ಅದಕ್ಕೇ ಒಂದು ಗಂಟೆ ಹಿಡಿಯುತ್ತಿತ್ತು. ಆಮೇಲೆ ಪಕ್ಕದ ಮನೆ ಅಜ್ಜಿ ಕಾವಲಿಗೆ ಬಂದು ಕೂರುತ್ತಿದ್ದರು.

ವಿಷಯ ಕಿವಿಗೆ ಬಿದ್ದದ್ದೇ ತಡ, ಶಾಲೆಗೆ ಕರುಣೆ ಉಕ್ಕಿತು. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಮಕ್ಕಳಿಗಾಗಿ ‘ಆಸರೆ ಸಮಿತಿ’ ಹುಟ್ಟಿತು. ಸಮಿತಿಗೊಂದು ಬ್ಯಾನರು, ಬ್ಯಾನರಿನ ಮುಂದೊಂದು ಫೋಟೋ. ಅಧ್ಯಕ್ಷೆ ಗಣಿತದ ಮೇಡಂ. ಸಮಯವನ್ನು ಸರಿಯಾಗಿ ಬಳಸುವುದು ಹೇಗೆಂದು ಈ ಮಕ್ಕಳಿಗೆ ಕಲಿಸಲು ವಿಶೇಷ ತರಗತಿ ಇಟ್ಟರು. ಎಷ್ಟು ಗಂಟೆಗೆ? ಬೆಳಿಗ್ಗೆ ಎಂಟಕ್ಕೆ. ಬಾರದವರಿಗೆ ಗೈರುಹಾಜರಿ. ಹೀಗೆ ಆಸರೆಯ ಮೊದಲ ದಿನವೇ ಹುಡುಗಿಗೆ ಒಂದು ಗೈರುಹಾಜರಿ ದಕ್ಕಿತು.

“ಮೇಡಂ, ಬೆಳಿಗ್ಗೆ ಒಂದು ಇಪ್ಪತ್ತು ನಿಮಿಷ ಬಿಟ್ಕೊಟ್ರೆ ಸಾಕು. ಬೇರೇನೂ ಬೇಡ,” ಎಂದಳು ಹುಡುಗಿ.

“ಸ್ವಲ್ಪ ಬೇಗ ಏಳ್ಬೇಕಮ್ಮ.”

“ನಾಲ್ಕೂವರೆಗೇ ಏಳ್ತೀನಿ ಮೇಡಂ.”

ಮೇಡಂಗೆ ಈ ಲೆಕ್ಕ ತಾಳೆಯಾಗಲಿಲ್ಲ. ಮರುದಿನ ಎಂಟು ಗಂಟೆಗೆ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಕೈಯಲ್ಲೊಂದು ಪುಸ್ತಕ ಹಿಡಿದು ಹುಡುಗಿಯ ಮನೆಗೇ ಪರಿಶೀಲನೆಗೆ ಬಂದೇಬಿಟ್ಟರು. ಅನ್ನ ತಿನ್ನಿಸುವುದನ್ನು ಹತ್ತು ನಿಮಿಷ ನೋಡಿದರು. ಆಮೇಲೆ ತಡೆಯಲಾಗಲಿಲ್ಲ.

“ಹೀಗೆ ಇಷ್ಟಿಷ್ಟೇ ಕೊಟ್ರೆ ಮುಗಿಯೋದು ಯಾವಾಗ? ಕೊಡಿಲ್ಲಿ.”

“ಬೇಡ ಮೇಡಂ!” ಎಂದು ಹುಡುಗಿ ಹೇಳುವಷ್ಟರಲ್ಲಿ ತುಂಬಿದ ಚಮಚ ಅಮ್ಮನ ಬಾಯೊಳಗಿತ್ತು. ಅಮ್ಮನಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಕಣ್ಣು ಮೇಲಾಯಿತು. ಹುಡುಗಿ ಅವರನ್ನು ಮುಂದಕ್ಕೆ ಬಾಗಿಸಿ ಬೆನ್ನಿಗೆ ಗುದ್ದಿದಳು, ಒಂದು, ಎರಡು, ಮೂರು. ತಿಂದದ್ದೆಲ್ಲ ಹೊರಬಂತು. ಮುಕ್ಕಾಲು ಪಾಲು ಅಧ್ಯಕ್ಷೆಯ ಮೇಲೆ.

ಮತ್ತೆ ಮೊದಲಿನಿಂದ. ಒರೆಸುವುದು, ಹಾಸಿಗೆ ಬದಲಿಸುವುದು, ಬಟ್ಟೆ ಬದಲಿಸುವುದು. ಅಮ್ಮನ ಭಾರವನ್ನು ಎರಡೂ ಕೈಯಲ್ಲಿ ಆತುಕೊಂಡು ನಿಂತಿದ್ದರು ಮೇಡಂ, ಪಾಪ. ಎಲ್ಲ ಮುಗಿದಾಗ ಹತ್ತೂವರೆ. ಎರಡನೇ ಗೈರುಹಾಜರಿಯೂ ಬಿತ್ತು, ಪರೀಕ್ಷೆ ಹೋಯಿತು. ಎರಡು ವರ್ಷದಿಂದ ಅಳಲು ಪುರುಸೊತ್ತಿಲ್ಲದ ಹುಡುಗಿ ನೆಲದ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು.

ಮೇಡಂ ಅವಳ ಪಕ್ಕ ನೆಲದ ಮೇಲೇ ಕೂತರು.

“ಇವತ್ತಿನ ಹಾಜರಿ ನಾನು ಹಾಕಿಸ್ತೀನಿ, ನಿನ್ನೇದೂ ತೆಗೆಸ್ತೀನಿ. ನಾಳೆಯಿಂದ ಎರಡನೇ ಪೀರಿಯಡ್‌ಗೆ ಬಾ,” ಎಂದರು ಕೊನೆಗೆ. “ಮೊದಲನೇದು ನಂದೇ ಅಲ್ವಾ, ಗಣಿತ. ಸಂಜೆ ಇಲ್ಲಿಗೇ ಬಂದು ಹೇಳ್ಕೊಡ್ತೀನಿ.”

ಅಮ್ಮ ಬಾಯಿಯ ಎಡಬದಿಯಿಂದ ಒಂದೊಂದೇ ಮಾತು ಕೂಡಿಸಿ ಹೇಳಿದರು: “ಬನ್ನಿ ಮೇಡಂ. ಚಮಚ ಮಾತ್ರ ಮುಟ್ಬೇಡಿ.”