ಹೆಸರು ಹಿಡಿದು ಕರೆದ ದನಿ

"ನಮಸ್ಕಾರ, ಮುಜಾಫರ್ ಅವರೇ. ಇವತ್ತು ನಿಮ್ಮ ಮನಸ್ಸು ಹೇಗಿದೆ?"

ಲಾರಿಯ ಹಿಂಬದಿ ಹಲಗೆಗೆ ಹಳದಿ ಬಣ್ಣ ಬಳಿಯುತ್ತಿದ್ದ ಮುಜಾಫರ್ ಬ್ರಷ್ಷನ್ನು ಡಬ್ಬಿಯಲ್ಲೇ ಬಿಟ್ಟು ಮೊಬೈಲನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ.

"ಯಾರ್ರೀ ಮಾತಾಡೋದು?"

"ಚೆನ್ನಾಗಿದ್ದರೆ ಒಂದನ್ನು ಒತ್ತಿ. ಚೆನ್ನಾಗಿಲ್ಲದಿದ್ದರೆ ಎರಡನ್ನು ಒತ್ತಿ."

"ಯಾರು ನೀವು ಅಂತ ಕೇಳಾಕತ್ತೀನಿ!"

"ಮಾತ್ರೆ ತೆಗೆದುಕೊಂಡಿರಾ, ಮುಜಾಫರ್ ಅವರೇ?"

ಹಿಂದೆ ಅವನ ತಲೆಯೊಳಗೆ ಕಾಡುತ್ತಿದ್ದ ದನಿಯೂ ಹೀಗೇ. ಹೆಸರು ಹಿಡಿದು ಕರೆಯುತ್ತಿತ್ತು, ತನಗೆ ಬೇಕಾದದ್ದು ಹೇಳುತ್ತಿತ್ತು, ಇವನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿರಲಿಲ್ಲ. ದವಾಖಾನೆಯ ಗುಳಿಗೆ ಬಿದ್ದ ಮೇಲೆ ಅದು ಬಾಯಿ ಮುಚ್ಚಿಕೊಂಡಿತ್ತು. ಈಗ ಫೋನು ಹೊಕ್ಕು ಬಂತೇ?

ಊಟಕ್ಕೆ ಕರೆಯಲು ಬಂದ ತಾಯಿ ಮಾಬುಬೀ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. "ಅಮ್ಮಾ, ಇದನ್ನ ಒಂಚೂರು ಕೇಳು" ಎಂದು ಅವನು ಫೋನು ಕೊಡುವಷ್ಟರಲ್ಲಿ ಅದು ಸುಮ್ಮನಾಗಿತ್ತು. ಮಾಬುಬೀ ಅದನ್ನು ಕಿವಿಗಿಟ್ಟುಕೊಂಡು ಮಗನ ಮುಖ ನೋಡಿದಳು.

"ಏನೂ ಕೇಳ್ಸವಲ್ದಲ್ಲಪ್ಪಾ. ಮತ್ತ ಶುರುವಾತೇನು?"

ಆ ನೋಟ ಅವನಿಗೆ ಚೆನ್ನಾಗಿ ಗೊತ್ತು. ಅದಕ್ಕಿಂತ ಕಾಯಿಲೆಯೇ ವಾಸಿ ಎನಿಸಿದ ದಿನಗಳೂ ಇದ್ದವು. ಅದು ಈಗ ಮಾತ್ರ ಬರಬಾರದಿತ್ತು. ಬರುವ ಶುಕ್ರವಾರ ಸಿರುಗುಪ್ಪದಿಂದ ಮಾವ ಮಹಮ್ಮದ್ ಗೌಸ್ ಬರುವವರಿದ್ದರು. ತವರಿನಲ್ಲೇ ಉಳಿದಿದ್ದ ಹೆಂಡತಿ ಫರ್ಹತ್‌ಳನ್ನು ಜೊತೆಗೆ ಕರೆತಂದು, ಅಳಿಯನ ತಲೆ ನೆಟ್ಟಗಾಗಿದ್ದರೆ ಗಂಡನ ಊರು ಕುರುಗೋಡಿನಲ್ಲೇ ಬಿಡುವುದು, ಇಲ್ಲದಿದ್ದರೆ ಸಂಜೆ ಬಸ್ಸಿಗೇ ವಾಪಸು ಕರೆದೊಯ್ಯುವುದು, ಆಮೇಲೆ ಈ ಸಂಬಂಧದ ಮಾತೇ ಇಲ್ಲ ಎಂದು ಹೇಳಿ ಕಳಿಸಿದ್ದರು.

ಆ ದಿನಗಳಲ್ಲಿ ಬಳ್ಳಾರಿಯಲ್ಲಿ ಅದಿರಿನ ದುಡ್ಡು ಕಂಡವರೆಲ್ಲ ಕಿವಿಗೆ ಫೋನಿನದೇನೋ ಸಿಕ್ಕಿಸಿಕೊಂಡು, ನಡುರಸ್ತೆಯಲ್ಲಿ ಕೈ ಬೀಸುತ್ತ ಒಬ್ಬೊಬ್ಬರೇ ಮಾತಾಡುತ್ತಿದ್ದರು. ಅವರನ್ನು ಯಾರೂ ದವಾಖಾನೆಗೆ ಎಳೆದುಕೊಂಡು ಹೋಗಲಿಲ್ಲ. ಮುಜಾಫರ್ ಒಂದು ಮಾತು ಗೊಣಗಿದರೆ ಮಾತ್ರ ಓಣಿಯ ಕಿಟಕಿಗಳೆಲ್ಲ ತೆರೆಯುತ್ತಿದ್ದವು.

ಗುರುವಾರ ಅವನು ಬಳ್ಳಾರಿಯ ಗಾಂಧಿನಗರದ ಆಫೀಸಿಗೆ ಹೋದ. ದವಾಖಾನೆಯಲ್ಲಿ ಅವನ ನಂಬರು ಬರೆದುಕೊಂಡು "ಫೋನು ಮಾಡ್ತೀವಿ" ಎಂದಿದ್ದ ಗಂಗೋತ್ರಿ ಎಂಬ ಹುಡುಗಿಯ ಆಫೀಸು ಅದು. ವಾಸಿಯಾದವರನ್ನೂ ಆಗುತ್ತಿರುವವರನ್ನೂ ಅವತ್ತು ಅಲ್ಲಿಗೆ ಕರೆಸಿದ್ದಳು. ಪ್ಲಾಸ್ಟಿಕ್ ಕುರ್ಚಿಗಳು, ಸಮೋಸಾ, ಚಹಾ. ಇಷ್ಟೆಲ್ಲ ಉಪಚಾರ ಮಾಡಬೇಕಾದರೆ ಇವರಿಗೇನೋ ಲಾಭ ಇರಲೇಬೇಕು ಎಂದುಕೊಂಡು ಮುಜಾಫರ್ ಸಮೋಸಾ ಮುಟ್ಟಲಿಲ್ಲ.

"ಫೋನಿನ ಈ ಸೇವೆ ಇನ್ನೂ ಪೂರಾ ತಯಾರಾಗಿಲ್ರಿ" ಎಂದಳು ಗಂಗೋತ್ರಿ. "ನಿಮ್ಮನ್ನ ಬಿಟ್ಟು ನಾವಷ್ಟೇ ಕುಂತು ಮಾಡಾದಲ್ಲ ಇದು. ಎಲ್ಲಿ ತಪ್ಪೈತಿ, ಹೆಂಗಿರಬೇಕು, ನೀವ ಹೇಳ್ರಿ."

ಮುಜಾಫರನ ಅನುಮಾನ ಇನ್ನೂ ಬಲವಾಯಿತು. ಇಷ್ಟು ವರ್ಷ ದವಾಖಾನೆಯಲ್ಲಿ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಅವನು ಎದುರಿಗೇ ಕೂತಿದ್ದರೂ "ನಿದ್ದಿ ಮಾಡ್ತಾನೇನಮ್ಮಾ?" ಎಂದು ಅಮ್ಮನನ್ನು ಕೇಳುತ್ತಿದ್ದರು. ಈಗ ಒಮ್ಮೆಲೇ ಯಾಕೆ ಈ ಮರ್ಯಾದೆ? ಇದು ಪರೀಕ್ಷೆಯೇ ಇರಬೇಕು. ದನಿ ಕೇಳಿಸಿತು ಎಂದು ಬಾಯಿ ಬಿಟ್ಟರೆ ಗುಳಿಗೆ ಹೆಚ್ಚಿಸುತ್ತಾರೆ, ಸುದ್ದಿ ಸಿರುಗುಪ್ಪ ಮುಟ್ಟುತ್ತದೆ.

ಉಳಿದವರೂ ಅಷ್ಟೇ ಜಾಣರು. "ಚಲೋ ಐತ್ರಿ" ಎಂದ ಒಬ್ಬ. "ಭಾಳ ಚಲೋ ಐತ್ರಿ" ಎಂದ ಮತ್ತೊಬ್ಬ. ಹಚ್ಚೊಳ್ಳಿಯಿಂದ ಬಂದಿದ್ದ ಶಿವಬಸಮ್ಮ ಎಂಬ ವಯಸ್ಸಾದ ಹೆಂಗಸು ಸೆರಗಿನ ತುದಿ ಹಿಂಡುತ್ತ ಎಲ್ಲರ ಮುಖ ನೋಡುತ್ತಿದ್ದಳು. ಆ ಹೆದರಿಕೆ ಯಾತರದೆಂದು ಮುಜಾಫರನಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಡೆಯಲಾಗಲಿಲ್ಲ ಅವನಿಗೆ.

"ಆ ದನಿ ಖರೇನ ಫೋನಿಂದ ಬರ್ತೈತೇನ್ರಿ? ನಿಮಗೂ ಕೇಳ್ಸತೈತೇನು?"

"ಯವ್ವಾ, ನಾನೂ ಅದನ್ನ ಕೇಳಬೇಕಂತ ಬಂದೀನಿ" ಎಂದಳು ಶಿವಬಸಮ್ಮ. "ಫೋನು ಬಂದಾಗೆಲ್ಲ ಬಾಜು ಮನಿಯಾಕಿ ಹತ್ರ ಓಡಿ ಹೊಕ್ಕೀನಿ, ಆಕಿಗೂ ಕೇಳ್ಸತೈತೇನಂತ."

ಗಂಗೋತ್ರಿಯ ಮುಖ ಬಾಡಿತು. "ಅದು ನನ್ನ ದನಿ" ಎಂದಳು ಮೆಲ್ಲಗೆ. "ರೆಕಾರ್ಡ್ ಮಾಡಿದ್ದು. ಹೆಸರು ಹಿಡಿದು ಕರದ್ರ ನಮ್ಮವರ ಅನ್ನಿಸ್ತೈತಿ ಅಂದ್ಕೊಂಡಿದ್ದೆ."

"ನಮ್ಮನ್ನ ಹೆಸರು ಹಿಡಿದು ಕರದವರು ಮೊದ್ಲ ಭಾಳ ಮಂದಿ ಅದಾರ, ಮೇಡಂ" ಎಂದ ಮುಜಾಫರ್. ಶಿವಬಸಮ್ಮ ಕಿಸಕ್ಕನೆ ನಕ್ಕಳು. "ಮೊದ್ಲು 'ನಾನು ಮಷಿನ್ನು' ಅಂತ ಹೇಳಸ್ರಿ. ಹೆಸರು ಬ್ಯಾಡ" ಎಂದು ಮುಜಾಫರ್ ಮಾತು ಮುಗಿಸಿದ.

ಬದಲಾಯಿಸಲು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಅವನ ನಂಬರಿಗೆ ಫೋನು ಬರದಂತೆ ನೋಡಿಕೊಳ್ಳುತ್ತೇನೆ ಎಂದಳು ಗಂಗೋತ್ರಿ. ಅವನು ನಂಬಲಿಲ್ಲ. ನಂಬದೆ ಇದ್ದದ್ದೇ ಸರಿಯಾಯಿತು.

ಶುಕ್ರವಾರ ನಮಾಜು ಮುಗಿಸಿ ಮಾವ ಅಳಿಯ ಊಟಕ್ಕೆ ಕೂತಿದ್ದರು. ಗೌಸ್ ತುತ್ತಿಗೊಮ್ಮೆ ಅಳಿಯನ ಕಣ್ಣು, ಕೈಬೆರಳು ನೋಡುತ್ತಿದ್ದರು, ಎತ್ತು ಕೊಳ್ಳಲು ಬಂದವರ ಹಾಗೆ. ಫರ್ಹತ್ ಮೈಮೇಲಿನ ಬುರ್ಖಾ ಕೂಡ ತೆಗೆಯದೆ ಹೊಸ್ತಿಲ ಬಳಿಯೇ ಕೂತಿದ್ದಳು. ಮುಜಾಫರ್ ಫೋನನ್ನು ಬಂದ್ ಮಾಡಿರಲಿಲ್ಲ. ಬಂದ್ ಮಾಡಿದರೆ ಅಮ್ಮ ಅದನ್ನೂ ಒಂದು ಲಕ್ಷಣವೆಂದು ಹಿಡಿದಾಳೆಂಬ ಹೆದರಿಕೆ.

ಫೋನು ರಿಂಗಾಯಿತು. ಮುಜಾಫರ್ ಅದರತ್ತ ನೋಡದೆ ಮುಂದಿನ ತುತ್ತು ಕಲೆಸಿದ.

"ಯಾಕ ಎತ್ತವಲ್ಲಿ? ಯಾರದು ಫೋನು?" ಎಂದು ಗೌಸ್ ಎಡಗೈ ಚಾಚಿ ತಾವೇ ಎತ್ತಿಕೊಂಡರು. ಅವರ ಹುಬ್ಬು ಮೇಲೇರಿತು. "ಹೆಣ್ಮಗಳು! ಯಾರಮ್ಮಾ ನೀನು? ನಮ್ಮ ಅಳಿಯನ ಮನಸ್ಸು ಹೆಂಗೈತಿ ಅಂತ ಕೇಳಾಕ ನೀನ್ಯಾರು?"

ಒಂದು ಗಳಿಗೆ ಕಿವಿಗೊಟ್ಟರು. "ಒಂದು ಒತ್ತಬೇಕಾ? ಯಾಕ ಒತ್ಲಿ? ಮೊದ್ಲು ಹೆಸರು ಹೇಳು! ನಾ ಕೇಳಾಕತ್ತೀನಿ, ತಂದ ತಾನು ಹೇಳ್ಕೊಂತ ಹೊಂಟಾಳಲ್ಲ! ಏಯ್, ಯಾವೂರಾಕಿ ನೀನು?"

ಸಿಟ್ಟಿಗೆ ಅವರು ಎದ್ದೇ ನಿಂತರು. ಎಂಜಲ ಕೈ ಗಾಳಿಯಲ್ಲಿ ಆಡಿಸುತ್ತ ಅಂಗಳಕ್ಕಿಳಿದು ಆ ದನಿಯನ್ನು ತರಾಟೆಗೆ ತೆಗೆದುಕೊಳ್ಳತೊಡಗಿದರು. ಎದುರು ಮನೆಯ ಕಿಟಕಿ ತೆರೆಯಿತು.

"ಮಾವಾ, ಅದು ಮಷಿನ್ನು. ಮಾತಾಡ್ತೈತಿ, ನಾವು ಅಂದಿದ್ದು ಅದಕ್ಕ ಕೇಳ್ಸಂಗಿಲ್ಲ" ಎಂದ ಮುಜಾಫರ್. ಗೌಸರಿಗೆ ಅದೂ ಕೇಳಿಸಲಿಲ್ಲ.

ಮಾಬುಬೀ ಅನ್ನದ ಸೌಟು ಹಿಡಿದುಕೊಂಡೇ ಬೀಗರನ್ನು ನೋಡಿದಳು, ಆಮೇಲೆ ಮಗನನ್ನು ನೋಡಿದಳು. ಈ ಸಲ ಅವಳ ಕಣ್ಣು ಅವನ ಮುಖದಲ್ಲಿ ಏನನ್ನೂ ಹುಡುಕಲಿಲ್ಲ. ಅಳು ಬಂದಂತಾಗಿ ಮುಜಾಫರ್ ತಟ್ಟೆಯ ಕಡೆ ಬಗ್ಗಿದ.

ಹೊರಗೆ ಗೌಸ್ ಇನ್ನೂ "ಹಲೋ, ಹಲೋ" ಎಂದು ಕೂಗುತ್ತಿದ್ದರು. ಫರ್ಹತ್ ಬಾಯಿಗೆ ಕೈ ಅಡ್ಡ ಹಿಡಿದು, ನಗುವಿಗೆ ಭುಜ ಕುಲುಕಿಸುತ್ತ ಎದ್ದು ಒಳಗೆ ಬಂದಳು. ಬುರ್ಖಾ ಬಿಚ್ಚಿ, ಗೂಟಕ್ಕೆ ನೇತುಬಿದ್ದಿದ್ದ ಗಂಡನ ಬಣ್ಣ ಮೆತ್ತಿದ ಅಂಗಿಯ ಮೇಲೆ ಹಾಕಿದಳು.