ಎಣಿಕೆಯ ಗುರುವಾರ

ನವೆಂಬರಿನಲ್ಲಿ ಹಾಲ್ಡನ್‌ಗೇಟ್ ಶಾಲೆ ಹನ್ನೊಂದನೇ ತರಗತಿಯ, ಅಂದರೆ ಕೊನೆಯ ಪರೀಕ್ಷೆಯ ವರ್ಷದ, ನಾಲ್ವರ ಹೆಸರನ್ನು ದಾಖಲೆಯಿಂದ ತೆಗೆದುಹಾಕಿತು. ಅಳಿಸಿದ ಕೈ ನನ್ನದು.

ನಾನು ಗ್ಲೆನಿಸ್, ಹಾಜರಿ ಗುಮಾಸ್ತೆ. ಹತ್ತೊಂಬತ್ತು ವರ್ಷದಿಂದ ಮುಂಬಾಗಿಲ ಗಾಜಿನ ಹಿಂದೆ ಕೂತಿದ್ದೇನೆ. ಉಣ್ಣೆ ಗಿರಣಿಯ ಮಾಲೀಕರು ತಮ್ಮ ಆಳುಗಳ ಮಕ್ಕಳಿಗೆಂದು ಕಟ್ಟಿಸಿದ ಶಾಲೆ ಇದು. ಮಕ್ಕಳನ್ನು ಹಂಚುವ ನಾಲ್ಕು ಹೌಸುಗಳಿಗೆ ಇಂದಿಗೂ ಆ ಮಾಲೀಕರದೇ ಹೆಸರು. ಗಿರಣಿ ಮುಚ್ಚಿತು, ಶಾಲೆ ಊರಾಡಳಿತದ ಕೈಗೆ ಬಂತು. ಈಗ ಹನ್ನೆರಡು ಶಾಲೆ ನಡೆಸುವ ಒಂದು ಟ್ರಸ್ಟಿನದು. ಟ್ರಸ್ಟು ಬಂದಮೇಲೆ ಬ್ಲೇಜರಿನ ಬಣ್ಣ ಬದಲಾಯಿತು, ಗೇಟಿನ ಮೇಲೆ ಫಲಿತಾಂಶದ ಹಲಗೆ ಏರಿತು.

ನಾಲ್ಕು ಮನೆಗಳಿಂದ ನಾಲ್ಕು ಪತ್ರ ಬಂದಿದ್ದವು. 'ಬಹಳ ಯೋಚಿಸಿ, ನಮ್ಮ ಮಗುವಿಗೆ ಮನೆಯಲ್ಲೇ ಪಾಠ ಹೇಳಲು ನಿರ್ಧರಿಸಿದ್ದೇವೆ.' ನಾಲ್ಕರಲ್ಲೂ ಅದೇ ವಾಕ್ಯ. ನಾಲ್ಕರ ಮೇಲಂಚಿನಲ್ಲೂ ಒಂದು ಬೂದು ಗೆರೆ. ನಮ್ಮ ಆಫೀಸಿನ ಪ್ರಿಂಟರು ಬಿಡುವ ಗೆರೆ ಅದು. ನೋಡಿದೆ. ಫೈಲಿಗೆ ಸೇರಿಸಿದೆ.

ಜನವರಿಯ ಮೂರನೇ ಗುರುವಾರ ಸರ್ಕಾರಕ್ಕೆ ಮಕ್ಕಳ ಎಣಿಕೆ ಹೋಗುತ್ತದೆ. ಅಂದು ಪಟ್ಟಿಯಲ್ಲಿದ್ದವರ ಬೇಸಿಗೆ ಪರೀಕ್ಷೆಯ ಅಂಕವೆಲ್ಲ ಶಾಲೆಯ ಫಲಿತಾಂಶಕ್ಕೆ ಸೇರುತ್ತದೆ. ಇಲ್ಲದವರು ನಪಾಸಾದರೂ ಹಲಗೆಗೆ ಮಸಿ ಹತ್ತುವುದಿಲ್ಲ.

ಅಂದು ಬೆಳಿಗ್ಗೆ ಆ ನಾಲ್ವರಲ್ಲೊಬ್ಬಳು ಬ್ಲೇಜರು ತೊಟ್ಟು ಗಾಜಿನ ಮುಂದೆ ನಿಂತಿದ್ದಳು. ಕೆಜಾಯಾ ಥ್ವೇಟ್. ಗಣಿತದಲ್ಲಿ ಹಿಂದೆ, ಬಾಯಲ್ಲಿ ಮುಂದೆ. ಜೊತೆಗೆ ತಾಯಿ ಡೆನೀಸ್, ಬಿಸ್ಕತ್ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ನೇರ ಬಂದವಳು.

"ಇವ್ಳು ಮಾದರಿ ಪರೀಕ್ಷೆಗೆ ಬಂದ್ಲು, ಗ್ಲೆನಿಸ್," ಅಂದಳು ಡೆನೀಸ್. "ಓದೋ ರಜೆ ಮುಗೀತಲ್ಲ."

"ಓದೋ ರಜೆ ಕೊಡೋದು ಮೇ ತಿಂಗಳಲ್ಲಲ್ವಾ ಡೆನೀಸ್?"

"ಉಪಮುಖ್ಯಸ್ಥರು ರಶ್‌ವರ್ತ್ ಅವ್ರೇ ಕರೆಸಿ ಹೇಳಿದ್ರು. ಇಲ್ಲಿ ದಿನಾ ಜಗಳ ಯಾಕೆ, ಮನೇಲೇ ಓದ್ಲಿ, ಇಲ್ಲೊಂದು ಸೈನ್ ಹಾಕಿ ಅಂತ. ನಾನು ಇಲ್ಲಿ ಓದುವಾಗ್ಲೂ ಪರೀಕ್ಷೆಗೆ ಮುಂಚೆ ಮನೆಗೆ ಕಳಿಸ್ತಿದ್ರು. ಈಗ ಬೇಗ ಕೊಡ್ತಾರೇನೋ ಅಂದ್ಕೊಂಡೆ."

"ಆ ರಜೇಲಿ ನೀನು ಬರೀ ಬಿಸಿಲು ಕಾಯಿಸ್ಕೊಂಡೆ ಅಂತಾಳೆ ಅಜ್ಜಿ," ಅಂದಳು ಕೆಜಾಯಾ.

"ಅದಕ್ಕೇ ಬಿಸ್ಕತ್ ಪ್ಯಾಕ್ ಮಾಡ್ತಿರೋದು. ನೀನು ಒಳಗೆ ಹೋಗಿ ಬರಿ."

ಹದಿನೈದರ ಹುಡುಗಿಯನ್ನು ಶಾಲೆಯಿಂದ ದಬ್ಬಲು ಈಗ ಬೆತ್ತ ಬೇಕಿಲ್ಲ. ಒಂದು ಕಪ್ ಚಹಾ, ಮೆತ್ತಗಿನ ಮಾತು, ಒಂದು ಪೆನ್ನು ಸಾಕು.

"ಡೆನೀಸ್, ನೀವು ಸೈನ್ ಮಾಡಿದ್ದು ರಜೆಗಲ್ಲ. ಇವಳ ಹೆಸರೇ ಇಲ್ಲಿಲ್ಲ."

ಅವಳು ಚೀಲದಿಂದ ಪೆನ್ನು ತೆಗೆದಳು. ನಾನು ಹಾಳೆ ಕೊಟ್ಟೆ. 'ಆ ಪತ್ರ ವಾಪಸ್ ಪಡೆದಿದ್ದೇನೆ, ಮಗಳು ಶಾಲೆಗೇ ಬರುತ್ತಾಳೆ' ಎಂದು ನಿಂತಲ್ಲೇ ಬರೆದಳು. ನಾನು ಹೆಸರು ಸೇರಿಸಿ, ಒಳಬಾಗಿಲ ಗುಂಡಿ ಒತ್ತಿದೆ. ಕೆಜಾಯಾ ಪರೀಕ್ಷೆಯ ಹಾಲಿನತ್ತ ಓಡಿದಳು.

ಅಷ್ಟರಲ್ಲಿ ಉಪಮುಖ್ಯಸ್ಥ ರಶ್‌ವರ್ತ್ ನಗುತ್ತಾ ಬಂದರು.

"ಡೆನೀಸ್! ನಾಳೆ ಬನ್ನಿ, ಆರಾಮಾಗಿ ಕೂತು ಮಾತಾಡೋಣ."

"ಇವತ್ತು ಯಾಕಾಗಲ್ಲ?"

"ಇವತ್ತು ಸ್ವಲ್ಪ ಗಡಿಬಿಡಿ."

ಡೆನೀಸ್ ನನ್ನ ಕಡೆ ತಿರುಗಿದಳು. "ನಾಳೆಗೆ ಏನು ಬದಲಾಗುತ್ತೆ?"

"ಇವತ್ತು ಎಣಿಕೆ," ಅಂದೆ. "ನಾಳೆಯಿಂದ ಕೆಜಾಯಾ ಬಂದ್ರೂ ಅಷ್ಟೇ, ಬಿಟ್ರೂ ಅಷ್ಟೇ ಇವರಿಗೆ."

ರಶ್‌ವರ್ತ್ ಗಾಜಿನ ಕಿಂಡಿಗೆ ಬಗ್ಗಿ, ನನ್ನ ಪರದೆಯ ಮೇಲೆ ಕೆಜಾಯಾಳ ಹೆಸರು ಕಂಡರು. ನಗು ಇರಲಿಲ್ಲ. "ಆ ಹೆಸರು ತೆಗೀರಿ ಗ್ಲೆನಿಸ್. ಪಟ್ಟಿ ಕಳಿಸಿ. ನಿಮ್ಮ ಕೆಲಸ ಟೈಪ್ ಮಾಡೋದಷ್ಟೇ."

"ಮಾಡಿದೀನಲ್ಲ ಸರ್," ಅಂದೆ. "ತೆಗೆಯೋದಿಲ್ಲ."